ಬಿಸಿಲಿಗೆ ಬಿದ್ದ ಗೋಡೆ

ದೊಡ್ಡವ್ವನ ಮನೆ ನೀರಲ್ಲಿ ಬೀಳಲಿಲ್ಲ. ಮೂರು ದಿನ ಎದೆಮಟ್ಟ ನೀರು ನಿಂತಿತ್ತು. ಆಗ ಗಟ್ಟಿಯಾಗಿಯೇ ಇತ್ತು. ನೀರು ಇಳಿದು ಹದಿನೈದು ದಿನದ ಮೇಲೆ, ಒಳ್ಳೆ ಬಿಸಿಲು ಬಿದ್ದ ಒಂದು ಮಧ್ಯಾಹ್ನ, ಹಿತ್ತಲ ಕಡೆ ಗೋಡೆ ಧಪ್ ಅಂತ ಕೂತುಬಿಟ್ಟಿತು. ಅಷ್ಟೊತ್ತಿಗೆ ನೆರೆ ಪರಿಹಾರದ ಸರ್ವೆ ಮುಗಿದಿತ್ತು.

ಬೆಳಗಾವಿ ಜಿಲ್ಲೆಯ ಒಂದು ತಾಲೂಕು ಊರಲ್ಲಿ, ಕಚೇರಿ ಎದುರಿಗೆ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಅರ್ಜಿ ಬರೆಯೋದು, ಆನ್‌ಲೈನ್‌ನಲ್ಲಿ ಹಾಕೋದು, ಫೋಟೋ ತೆಗೆಯೋದು, ಆಧಾರ್ ಲಿಂಕ್ ಆಗಿದೆಯೋ ಇಲ್ಲವೋ ನೋಡಿ ಹೇಳೋದು, ಇಷ್ಟೇ ನನ್ನ ಕೆಲಸ. 2019ರ ಆಗಸ್ಟ್‌ನ ನೆರೆ ಆದಮೇಲೆ ನಾಲ್ಕೈದು ತಿಂಗಳು ನಾನು ಬರೆದ ಅರ್ಜಿಗಳಲ್ಲಿ ಒಂದೇ ಸಾಲು ಮತ್ತೆ ಮತ್ತೆ ಬರುತ್ತಿತ್ತು. ‘ಸರ್ವೆ ಆದ ನಂತರ ಗೋಡೆ ಬಿದ್ದಿರುತ್ತದೆ, ಕಾರಣ ಮರುಸರ್ವೆ ಮಾಡಬೇಕಾಗಿ ವಿನಂತಿ.’ ಕೊನೆಕೊನೆಗೆ ಕೈ ತಾನೇ ಬರೆಯುತ್ತಿತ್ತು.

ಆ ವರ್ಷ ಪಂಚಮಿ ಆಗಸ್ಟ್ 5ಕ್ಕೆ ಬಿದ್ದಿತ್ತು. ನಮ್ಮ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ಗಂಡನ ಮನೆಯಿಂದ ಎಲ್ಲರೂ ತವರಿಗೆ ಬಂದಿರುತ್ತಾರೆ. ಡಬ್ಬಿ ತುಂಬ ಶೇಂಗಾ ಉಂಡಿ, ಎಳ್ಳುಂಡಿ. ಬೇವಿನ ಮರಕ್ಕೆ ಜೋಕಾಲಿ. ಮಳೆ ಹತ್ತಿತ್ತು, ಆದರೆ ಶ್ರಾವಣದಲ್ಲಿ ಮಳೆ ಹತ್ತೋದು ಹೊಸದೇನಲ್ಲವಲ್ಲ. ಬರ ಕಂಡ ಊರು ನಮ್ಮದು, ಮಳೆ ಬಂದರೆ ಯಾರೂ ಬೇಡ ಅನ್ನುವುದಿಲ್ಲ.

ಮಲಪ್ರಭೆ ಹುಟ್ಟೋದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ಅಲ್ಲಿ ಮಲೆನಾಡಿನ ಮಳೆ. ಆ ನೀರೆಲ್ಲ ಸವದತ್ತಿ ಹತ್ತಿರದ ನವಿಲುತೀರ್ಥ ಅಣೆಕಟ್ಟಿಗೆ ಬರುತ್ತದೆ. 37.73 ಟಿಎಂಸಿ ಹಿಡಿಯುವ ಜಲಾಶಯ ಅದು. ಎಷ್ಟೋ ವರ್ಷ ತುಂಬಿಯೇ ಇರಲಿಲ್ಲ. ಅಣೆಕಟ್ಟಿನ ಕೆಳಗೆ ಹೊಳೆ ಅನ್ನೋದು ಒಂದು ಹಳ್ಳದಷ್ಟಾಗಿತ್ತು. ಪಾತ್ರದ ಒಳಗೇ ಕಬ್ಬು, ಗೋವಿನಜೋಳ ಹಾಕುತ್ತಿದ್ದರು. ನಾವು ಸಣ್ಣವರಿದ್ದಾಗ ಹೊಳೆ ದಾಟಿ ಆಚೆ ಊರಿಗೆ ನಡೆದೇ ಹೋಗುತ್ತಿದ್ದೆವು, ಚಪ್ಪಲಿ ಕೈಯಲ್ಲಿ ಹಿಡಿಯೋದೂ ಬೇಕಿರಲಿಲ್ಲ. ಹೊಳೆ ಎಷ್ಟು ಅಗಲ ಇತ್ತು ಅನ್ನೋದು ನಮಗೇ ಮರೆತಿತ್ತು. ಆ ವಾರ ಡ್ಯಾಮ್ ತುಂಬಿತು, ಗೇಟು ತೆಗೆದರು. ಹೊಳೆಗೆ ತನ್ನ ಅಗಲ ನೆನಪಿತ್ತು.

ನಮ್ಮದೊಂದೇ ಅಲ್ಲ. ಅತ್ತ ಘಟಪ್ರಭೆ ಗೋಕಾಕದೊಳಗೆ ನುಗ್ಗಿತ್ತು, ಲೋಳಸೂರ ಸೇತುವೆ ಮುಳುಗಿತ್ತು. ಕೃಷ್ಣೆಯ ದಂಡೆಯಲ್ಲಿ ಚಿಕ್ಕೋಡಿ, ಅಥಣಿ, ಜಮಖಂಡಿ ಕಡೆ ಊರಿಗೆ ಊರೇ ನೀರಲ್ಲಿ. ಬಾಗಲಕೋಟೆ ಜಿಲ್ಲೆಯಲ್ಲಿ ನಮ್ಮ ಮಲಪ್ರಭೆಯೇ ಪಟ್ಟದಕಲ್ಲಿನ ಗುಡಿಗಳ ಒಳಗೆ ಹೊಕ್ಕಿದ್ದಳು. ಕಲ್ಲಿನ ಗುಡಿ, ನೀರು ಇಳಿದ ಮೇಲೆ ತೊಳೆದರು, ನಿಂತಿತು. ನಮ್ಮವು ಮಣ್ಣಿನ ಮನೆ.

ಕಾಳಜಿ ಕೇಂದ್ರದ ಮಾತು ಜಾಸ್ತಿ ಹೇಳುವುದಿಲ್ಲ. ಮೊದಲು ಅದಕ್ಕೆ ಗಂಜಿ ಕೇಂದ್ರ ಅನ್ನುತ್ತಿದ್ದರು, ಈಗ ಕಾಳಜಿ ಕೇಂದ್ರ ಅನ್ನುತ್ತಾರೆ. ನಮ್ಮವರು ಎರಡೂ ಅನ್ನದೆ ‘ಸಾಲ್ಯಾಗ ಅದೀವಿ’ ಅಂತಿದ್ದರು. ಅನ್ನ ಸಾರು ಹೊತ್ತಿಗೆ ಸರಿಯಾಗಿ ಸಿಕ್ಕಿತು, ಅದರಲ್ಲಿ ತಕರಾರಿಲ್ಲ. ಆದರೆ ಜೋಳ ತಿನ್ನುವ ಮಂದಿಗೆ ಮೂರು ದಿನ ಬರೀ ಅನ್ನ ಹಾಕಿದರೆ ಊಟ ಮಾಡಿದ ಹಾಗೇ ಆಗುವುದಿಲ್ಲ. ನಾಲ್ಕನೆಯ ದಿನ ಯಾವುದೋ ಊರಿನವರು ಟೆಂಪೋದಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ ತುಂಬಿಕೊಂಡು ಬಂದರು. ದೊಡ್ಡವ್ವ ಎರಡು ರೊಟ್ಟಿ ಸೀರೆ ಸೆರಗಲ್ಲಿ ಕಟ್ಟಿಕೊಂಡಳು, ಮರುದಿನಕ್ಕೆ ಅಂತ. ಆ ಸೆರಗಿನ ಗಂಟು ನೆನಪಾದರೆ ನನಗೆ ಈಗಲೂ ಒಂಥರಾ ಆಗುತ್ತದೆ.

ಇನ್ನು ಮನೆಯ ಮಾತು.

ಸರ್ಕಾರ ಆಗ ಹಾಕಿದ ಲೆಕ್ಕ ಹೀಗಿತ್ತು. ಮನೆಗೆ ನೀರು ಹೊಕ್ಕಿ ಬಟ್ಟೆ, ಭಾಂಡೆ ಹಾಳಾದವರಿಗೆ ತಕ್ಷಣಕ್ಕೆ 10,000 ರೂಪಾಯಿ. ವಿಪತ್ತು ಪರಿಹಾರ ನಿಧಿಯ ನಿಯಮದ ಪ್ರಕಾರ ಅದು ಬರೀ 3,800 ಆಗುತ್ತಿತ್ತು, ಉಳಿದದ್ದನ್ನು ರಾಜ್ಯ ಸೇರಿಸಿತು. ಆಮೇಲೆ ಮನೆಗೆ ಮೂರು ದರ್ಜೆ. ನೂರಕ್ಕೆ ಎಪ್ಪತ್ತೈದರ ಮೇಲೆ ಹಾಳಾಗಿದ್ದರೆ ಎ, ಅದಕ್ಕೆ 5 ಲಕ್ಷ. ಇಪ್ಪತ್ತೈದರಿಂದ ಎಪ್ಪತ್ತೈದರ ನಡುವೆ ಬಿ. ಅದರಲ್ಲೂ ಕೆಡವಿ ಹೊಸದಾಗಿ ಕಟ್ಟುವುದಾದರೆ 5 ಲಕ್ಷ, ರಿಪೇರಿ ಆದರೆ 3 ಲಕ್ಷ. ಹದಿನೈದರಿಂದ ಇಪ್ಪತ್ತೈದು ಅಂದರೆ ಸಿ, 50,000. ಮನೆ ಪೂರ್ತಿ ಹೋದವರಿಗೆ ಶೆಡ್ ಹಾಕಿಕೊಳ್ಳಲು 50,000, ಇಲ್ಲ ಬಾಡಿಗೆಗೆ ತಿಂಗಳಿಗೆ 5,000ದಂತೆ ಹತ್ತು ತಿಂಗಳು.

ಇದು ಸಣ್ಣ ದುಡ್ಡಲ್ಲ. ಪೂರ್ತಿ ಬಿದ್ದ ಪಕ್ಕಾ ಮನೆಗೆ ಕೇಂದ್ರದ ನಿಯಮದಲ್ಲಿ ಆಗ ಇದ್ದದ್ದು 95,100 ರೂಪಾಯಿ. ಅದನ್ನು ರಾಜ್ಯ 5 ಲಕ್ಷಕ್ಕೆ ಏರಿಸಿದ್ದು ದೊಡ್ಡ ಮಾತೇ. ಸುಮ್ನೆ ಬೈಯೋದು ಸುಲಭ, ಇದನ್ನೂ ಹೇಳಬೇಕು ಅಲ್ವಾ?

ಆದರೆ ಮಣ್ಣಿನ ಮನೆಯಲ್ಲಿ ನೂರಕ್ಕೆ ಎಪ್ಪತ್ತೈದು ಅಂದರೆ ಯಾವುದು? ನಮ್ಮ ಮ್ಯಾಲ್ಮುದ್ದಿ ಮನೆ ನೋಡದವರಿಗೆ ಹೇಳುತ್ತೇನೆ. ಕಟ್ಟಿಗೆಯ ಕಂಬ, ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಒಂದು ಮೊಳ ಮಣ್ಣು. ಸುತ್ತ ಎರಡು ಮೊಳ ದಪ್ಪದ ಗೋಡೆ, ಕಲ್ಲು ಮತ್ತು ಮಣ್ಣಿನದು. ಮಾಳಿಗೆಯ ಭಾರ ಬಹಳಷ್ಟು ಕಂಬದ ಮೇಲೆ ಇರುತ್ತದೆ. ಹಾಗಾಗಿ ಗೋಡೆ ಬಿದ್ದರೂ ಮನೆ ನಿಂತೇ ಇರಬಹುದು. ನಿಂತಿದೆ ಅಂತ ಅದರೊಳಗೆ ಮಲಗುವ ಹಾಗಿಲ್ಲ. ಬಾಗಿಲು ದಾಟಿದರೆ ಒಂದು ಕಡೆ ದನದ ಗ್ವಾದಲಿ, ಇನ್ನೊಂದು ಕಡೆ ಕಟ್ಟಿ, ಒಳಗೆ ಪಡಸಾಲೆ, ಅಡುಗೆಮನೆ. ಮನುಷ್ಯರು, ಎಮ್ಮೆ, ಜೋಳದ ಚೀಲ ಎಲ್ಲ ಒಂದೇ ಸೂರಿನ ಕೆಳಗೆ.

ಇಂಥ ಗೋಡೆ ನೀರು ಕುಡಿಯುತ್ತದೆ. ಕುಡಿದಷ್ಟು ಹೊತ್ತು ಒದ್ದೆ ಹಿಟ್ಟಿನ ಹಾಗೆ ಒಂದಕ್ಕೊಂದು ಹಿಡಿದುಕೊಂಡಿರುತ್ತದೆ. ನೀರು ಇಳಿದು ಬಿಸಿಲು ಬಿದ್ದಾಗ ಶುರುವಾಗುತ್ತದೆ ಅದರ ಕತೆ. ಹೊರಗಿನ ಮೈ ಮೊದಲು ಒಣಗುತ್ತದೆ, ಒಳಗೆ ಇನ್ನೂ ಹಸಿ. ಬುಡದಲ್ಲಿ ಎರೆಮಣ್ಣು. ಎರೆಮಣ್ಣು ನೀರಿಗೆ ಉಬ್ಬುತ್ತದೆ, ಬಿಸಿಲಿಗೆ ಸೀಳುತ್ತದೆ. ನಾಲ್ಕು ದಿನಕ್ಕೆ ಕೂದಲೆಳೆಯಷ್ಟು ಬಿರುಕು. ಎಂಟು ದಿನಕ್ಕೆ ಅದರಲ್ಲಿ ಬೆರಳು ಹೋಗುತ್ತದೆ. ಆಮೇಲೆ ಒಂದಿನ ಗಾಳಿಯೂ ಇಲ್ಲ, ಮಳೆಯೂ ಇಲ್ಲ, ಸುಮ್ನೆ ಬೀಳುತ್ತದೆ.

ಸರ್ವೆಗೆ ಬಂದವರು ಮೂರು ಜನ. ಕಂದಾಯದವರೊಬ್ಬರು, ಪಂಚಾಯಿತಿಯವರೊಬ್ಬರು, ಒಬ್ಬ ಇಂಜಿನಿಯರು. ನೀರು ಇಳಿದ ಐದನೆಯ ದಿನ ಬಂದರು. ಬೇಗ ಬಂದದ್ದು ತಪ್ಪೇ? ತಡವಾಗಿ ಬಂದಿದ್ದರೆ ನಾವೇ ರಸ್ತೆಗೆ ಇಳಿಯುತ್ತಿದ್ದೆವು. ತಲಾಟಿಗೆ, ಅಂದರೆ ಆ ಕಂದಾಯದವರಿಗೆ, ಮೂರು ಊರಿನ ಜವಾಬ್ದಾರಿ, ಕೈಯಲ್ಲಿ ಮೊಬೈಲು, ನೆಟ್‌ವರ್ಕ್ ಇಲ್ಲ, ಮೇಲಿನಿಂದ ಇಂಥ ದಿನದೊಳಗೆ ಮುಗಿಸಿ ಅಂತ ಒತ್ತಡ. ಮನೆಗೊಂದು ಐದು ನಿಮಿಷ ನಿಂತರು. ದೊಡ್ಡವ್ವನ ಮನೆಯಲ್ಲಿ ಅಡುಗೆಮನೆಯ ಒಂದು ಮೂಲೆ ಮಾತ್ರ ಕುಸಿದಿತ್ತು. ಇಂಜಿನಿಯರು ಗೋಡೆಗೆ ಕೈ ತಟ್ಟಿ ನೋಡಿದರು.

“ಗಟ್ಟಿ ಅದ ಬಿಡ್ರಿ ಅಜ್ಜಿ” ಅಂದರು.

“ಹೂಂ ರೀ ಸಾಹೇಬ್ರ, ನಮ್ಮ ಮಾವ ಕಟ್ಸಿದ್ದು” ಅಂದಳು ದೊಡ್ಡವ್ವ. ಹೆಮ್ಮೆಯಿಂದಲೇ ಅಂದಳು!

ಸಾಲದ್ದಕ್ಕೆ ಒಂದು ಅರ್ಜಿಯೂ ಕೊಡಬೇಕಿತ್ತು. ಅದನ್ನು ನಾನೇ ಬರೆದೆ. ‘ಅಡುಗೆಮನೆಯ ಗೋಡೆ ಭಾಗಶಃ ಬಿದ್ದಿರುತ್ತದೆ, ಉಳಿದ ಗೋಡೆಗಳು ಸುಸ್ಥಿತಿಯಲ್ಲಿ ಇರುತ್ತವೆ.’ ಈ ‘ಸುಸ್ಥಿತಿ’ ಬೇಕಿರಲಿಲ್ಲ. ಬರೆಯುವ ಚಟ ನೋಡಿ, ಅರ್ಧ ಸಾಲು ಜಾಸ್ತಿ ಬರೆದರೆ ಅರ್ಜಿಗೆ ತೂಕ ಬರುತ್ತದೆ ಅಂತ ನನ್ನ ತಲೆಯಲ್ಲಿ. ಓದಿ ಹೇಳಿದೆ. “ಖರೇನ ಐತಲ್ಲ, ಹಾಂಗ ಬರಿ” ಅಂದಳು. ಹೆಬ್ಬೆಟ್ಟು ಒತ್ತಿದಳು.

ಎದುರು ಮನೆಯವರು ಹಾಗೆ ಮಾಡಲಿಲ್ಲ. ಸರ್ವೆಯವರು ಬರುವ ಹಿಂದಿನ ರಾತ್ರಿ ಆ ಮನೆಯಿಂದ ಹಾರಿಯ (ಹಾರೆಯ) ಸದ್ದು ಕೇಳುತ್ತಿತ್ತು. ಟಕ್, ಟಕ್, ಆಮೇಲೆ ಧೊಪ್. ಮುಂಜಾನೆ ನೋಡಿದರೆ ಮೂರು ಗೋಡೆ ಇಲ್ಲ. ಊರಿಗೆಲ್ಲ ಗೊತ್ತು, ಯಾರೂ ಏನೂ ಅನ್ನಲಿಲ್ಲ. ಅವರಿಗೆ ಎ ಬಂತು. ನಮ್ಮ ದೊಡ್ಡವ್ವನಿಗೆ ಸಿ.

ಆಗ ನನಗೆ ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಈಗ ಅಷ್ಟಿಲ್ಲ. ಆ ಮನೆಯವರು ಅದಕ್ಕೂ ಮೊದಲು ಎಷ್ಟೋ ವರ್ಷದಿಂದ ಸರ್ಕಾರದ ಬಸವ ವಸತಿ ಯೋಜನೆಯ ಮನೆಗೆ ಗ್ರಾಮಸಭೆಯಲ್ಲಿ ಹೆಸರು ಬರೆಸುತ್ತಿದ್ದರು. ಪ್ರತಿ ಸಲವೂ ಪಟ್ಟಿ ಅವರ ಹೆಸರು ಬರುವ ಮೊದಲೇ ಮುಗಿದುಹೋಗುತ್ತಿತ್ತು. ಬಂದಿದ್ದರೂ ಹಳ್ಳಿಯ ಸಾಮಾನ್ಯ ವರ್ಗದವರಿಗೆ ಆ ಯೋಜನೆಯಲ್ಲಿ ಆಗ ಸಿಗುತ್ತಿದ್ದದ್ದು 1.20 ಲಕ್ಷ. ಹೊಳೆ ಬಂದರೆ 5 ಲಕ್ಷ. ಬಡವನ ಮನೆ ತಾನಾಗಿ ಹಳೆಯದಾಗಿ ಬಿದ್ದರೆ ಒಂದು ಬೆಲೆ, ನೀರಿಗೆ ಬಿದ್ದರೆ ನಾಲ್ಕು ಪಟ್ಟು ಬೆಲೆ. ಹಾರಿ ತಗೊಂಡವರನ್ನು ಕಳ್ಳರು ಅನ್ನಲು ನನಗೆ ಬಾಯಿ ಬರುವುದಿಲ್ಲ. ಅವರ ಮನೆಯೂ ಬಿಸಿಲಿಗೆ ಬೀಳುವುದೇ ಇತ್ತು. ಅವರು ಹತ್ತು ದಿನ ಮೊದಲೇ ಬೀಳಿಸಿದರು, ಅಷ್ಟೇ. ದೊಡ್ಡವ್ವನ ಗೋಡೆ ಹತ್ತು ದಿನ ತಡ ಮಾಡಿತು.

ಗೋಡೆ ಬಿದ್ದ ಮರುದಿನ ಅವಳು ಅಂಗಡಿಗೆ ಬಂದಳು. ಬಸ್ ಇಳಿದು ನೇರವಾಗಿ. ಸ್ಟೂಲ್ ಮೇಲೆ ಕೂತು ನೀರು ಕುಡಿದು, “ತಮ್ಮಾ, ಈಗ ಬಿತ್ತಪಾ” ಅಂದಳು. ‘ಈಗ’ ಅನ್ನೋದನ್ನು ಎಷ್ಟು ಸಂಕೋಚದಿಂದ ಹೇಳಿದಳು ಅಂದರೆ, ಗೋಡೆ ಹೊತ್ತಲ್ಲದ ಹೊತ್ತಿಗೆ ಬಿದ್ದದ್ದು ತನ್ನದೇ ತಪ್ಪು ಅನ್ನುವ ಹಾಗೆ.

ಮರುಸರ್ವೆಗೆ ಅರ್ಜಿ ಕೊಟ್ಟೆವು. ಒಂದು, ಎರಡು, ಮೂರು. ಮೂರನೆಯ ಸಲ ನಾನೇ ಜೊತೆಗೆ ಹೋದೆ. ಮೇಜಿನ ಆಚೆ ಕೂತವರು ಒಳ್ಳೆಯವರೇ, ನನಗೆ ಪರಿಚಯದವರು, ದಿನಾ ನನ್ನ ಅಂಗಡಿ ಪಕ್ಕದಲ್ಲೇ ಚಹಾ ಕುಡಿಯುವವರು. ಫೈಲು ತೆಗೆದರು. ಕೆಂಪು ದಾರ ಬಿಚ್ಚಿದರು. ಹಾಳೆ ತಿರುವಿ ನನ್ನ ಕಡೆ ಇಟ್ಟು ಬೆರಳಿಟ್ಟು ತೋರಿಸಿದರು. ‘ಉಳಿದ ಗೋಡೆಗಳು ಸುಸ್ಥಿತಿಯಲ್ಲಿ ಇರುತ್ತವೆ.’ ನನ್ನದೇ ಅಕ್ಷರ. ನೀಲಿ ಪೆನ್ನು. ಕೆಳಗೆ ದೊಡ್ಡವ್ವನ ಹೆಬ್ಬೆಟ್ಟು.

“ನೀವ ಬರ್ದೀರಲ್ರಿ” ಅಂದರು.

“ಅವತ್ತು ನಿಂತಿತ್ತು ಸರ.”

“ಕಂಪ್ಯೂಟರಿನಾಗ ಅವತ್ತಿಂದಽ ಐತ್ರಿ. ಲಾಕ್ ಆಗೇದ.”

ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಇಂಥ ಪಟ್ಟಿಗೆ ಒಂದು ಕೊನೆಯ ದಿನ ಬೇಕು, ಅದು ನನಗೂ ಅರ್ಥವಾಗುತ್ತದೆ. ದಿನ ಇಡದಿದ್ದರೆ ವರ್ಷವಿಡೀ ಅರ್ಜಿ ಬರುತ್ತಲೇ ಇರುತ್ತವೆ. ಆದರೆ ಆ ದಿನ ಯಾವುದು ಅಂತ ಗೊತ್ತು ಮಾಡುವಾಗ ಮಣ್ಣಿನ ಗೋಡೆ ಒಣಗಲು ಎಷ್ಟು ದಿನ ಬೇಕು ಅಂತ ಊರಿನ ಒಬ್ಬ ಗೌಂಡಿಯನ್ನು, ಅಂದರೆ ಗೋಡೆ ಕಟ್ಟುವವನನ್ನು, ಕೇಳಿದ್ದರೂ ಸಾಕಿತ್ತು. ಒಂದು ಸರ್ವೆ ನೀರು ಇಳಿದ ವಾರಕ್ಕೆ, ಇನ್ನೊಂದು ತಿಂಗಳ ಮೇಲೆ. ಇಷ್ಟೇ. ಎರಡನೆಯ ಸರ್ವೆ ನಿಯಮದಲ್ಲೇ ಇದ್ದರೆ ರಾತ್ರಿ ಹಾರಿ ಹಿಡಿಯೋರೂ ಕಡಿಮೆಯಾಗುತ್ತಾರೆ. ಕಾದರೆ ಸಿಗುತ್ತದೆ ಅಂತ ಗೊತ್ತಿದ್ದರೆ ತಾನು ಮಲಗುವ ಮನೆಯನ್ನು ಯಾರು ಕೆಡವುತ್ತಾರೆ?

ಸಿ ದರ್ಜೆಯ 50,000 ಬಂದದ್ದೂ ಸರಳವಾಗಿ ಅಲ್ಲ. ಮನೆಯ ಉತಾರ, ಅಂದರೆ ಮನೆ ಯಾರದು ಅನ್ನುವ ದಾಖಲೆ, ಇನ್ನೂ ದೊಡ್ಡವ್ವನ ಮಾವನ ಹೆಸರಲ್ಲೇ ಇತ್ತು. ಆತ ಸತ್ತು ಮೂವತ್ತು ವರ್ಷ. ವಾರಸಾ, ಅಂದರೆ ವಾರಸುದಾರರ ಹೆಸರಿಗೆ ಮಾಡಿಸೋದು ಯಾರಿಗೂ ನೆನಪಾಗಿರಲಿಲ್ಲ, ಹೊಲದ ಪಹಣಿಗೆ ಮಾಡಿಸಿದ್ದರು, ಮನೆಗೆ ಯಾರು ಮಾಡಿಸುತ್ತಾರೆ? ಒಂದು ಉತಾರ, ಒಂದು ನಂಬರು. ಆದರೆ ಒಳಗೆ ಮೂರು ಒಲೆ. ದೊಡ್ಡವ್ವ ಒಂದು, ಇಬ್ಬರು ಮೈದುನರ ಸಂಸಾರ ಎರಡು. ಮೂರು ರೇಷನ್ ಕಾರ್ಡು, ಮೂರು ಗ್ಯಾಸ್ ಸಿಲಿಂಡರು. ಪರಿಹಾರ ಮಾತ್ರ ಒಂದೇ ಮನೆಗೆ. ಮೈದುನರಲ್ಲಿ ಒಬ್ಬ ಗೋವಾದಲ್ಲಿ ದುಡಿಯುತ್ತಿದ್ದ. ಅವನು ಬಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವವರೆಗೆ ದುಡ್ಡು ನಿಂತಿತು. ಬಂದಮೇಲೆ ಮೂರು ಪಾಲು. ದೊಡ್ಡವ್ವನ ಪಾಲಿಗೆ ಹದಿನಾರು ಸಾವಿರದ ಚಿಲ್ಲರೆ. ಅದರಲ್ಲಿ ಆಕೆ ತಗಡು ತಂದಳು.

ಕರೆಂಟ್ ಬಿಲ್ಲು ಯಾರ ಹೆಸರಲ್ಲಿದೆ, ಉತಾರ ಯಾರ ಹೆಸರಲ್ಲಿದೆ, ಅಷ್ಟರ ಮೇಲೆ ಮನೆ ಯಾರದು ಅಂತ ತೀರ್ಮಾನವಾಗುವ ಲೋಕದಲ್ಲಿ ಬಾಡಿಗೆಗೆ ಇದ್ದವರ ಪಾಡು ಕೇಳಲೇಬೇಡಿ. ನಮ್ಮ ಓಣಿಯಲ್ಲೇ ಒಂದು ನೇಕಾರರ ಮನೆ ಬಾಡಿಗೆಯದು. ಮಗ್ಗದ ಕುಣಿಯಲ್ಲಿ ಕೆಸರು ತುಂಬಿತ್ತು. ಹಾಸಿನ ಮೇಲಿದ್ದ ನೂಲು ಅರ್ಧ ನೇಯ್ದ ಸೀರೆಯ ಸಮೇತ ಹೊಲಸಾಗಿ ಕಪ್ಪಗಾಗಿತ್ತು. ಗೋಡೆಯ ದುಡ್ಡು ಗೋಡೆಯ ಮಾಲೀಕರಿಗೆ ಹೋಯಿತು. ಅವರು ಇದ್ದದ್ದು ಬೆಳಗಾವಿಯಲ್ಲಿ, ಸಿಮೆಂಟಿನ ಮನೆಯಲ್ಲಿ.

ಎ ಬಂದವರಿಗೆ ಎಲ್ಲ ಸಲೀಸಾಯಿತು ಅಂತಲೂ ಅಲ್ಲ. 5 ಲಕ್ಷ ಅಂದರೆ ಒಂದೇ ಸಲಕ್ಕೆ ಖಾತೆಗೆ ಬೀಳುವುದಿಲ್ಲ. ಕಂತು. ತಳಪಾಯ ಆಯಿತೇ, ಫೋಟೋ. ಲಿಂಟಲ್ ಆಯಿತೇ, ಫೋಟೋ. ಛಾವಣಿ ಬಿತ್ತೇ, ಫೋಟೋ. ಪ್ರತಿ ಫೋಟೋವನ್ನೂ ಪಂಚಾಯಿತಿಯವರು ಜಿಪಿಎಸ್ ಸಮೇತ ಆ್ಯಪ್‌ಗೆ ಹಾಕಬೇಕು, ಆಮೇಲೆ ಮುಂದಿನ ಕಂತು. ದುಡ್ಡು ಮನೆಗೇ ಹೋಗಲಿ, ಬೇರೆ ಕಡೆ ಹೋಗದಿರಲಿ ಅಂತ ಮಾಡಿದ ಉಪಾಯ, ಕೆಟ್ಟದ್ದೇನಲ್ಲ. ಆದರೆ ಕಂತಿಗೂ ಕಂತಿಗೂ ನಡುವೆ ಗೌಂಡಿ ಕಾಯುವುದಿಲ್ಲ, ಮರಳಿನ ಟಿಪ್ಪರಿನವನು ಕಾಯುವುದಿಲ್ಲ. ಆ ನಡುವಿನ ದುಡ್ಡು ಸಂಘದ ಸಾಲದಿಂದ ಬಂತು, ಬಂಗಾರ ಒತ್ತೆ ಇಟ್ಟು ಬಂತು. ಅರ್ಧ ಗೋಡೆ ಎದ್ದಿತ್ತು, 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತು. ಸಿಮೆಂಟಿಲ್ಲ, ಕೆಲಸದವರಿಲ್ಲ. ಎದುರು ಮನೆಯವರದು ಲಿಂಟಲ್‌ಗೆ ನಿಂತು ವರ್ಷದ ಮೇಲಾಯಿತು. ಅಷ್ಟು ದಿನ ಅವರೂ ತಗಡಿನ ಶೆಡ್ಡಿನಲ್ಲೇ. ಹಾರಿ ಹಿಡಿದವರೂ, ಹಿಡಿಯದವರೂ ಒಂದೇ ಬಿಸಿಲಿನಲ್ಲಿ ಬೆಂದರು.

“ಊರನ್ನೇ ಎತ್ತರಕ್ಕೆ ಯಾಕೆ ಒಯ್ಯಬಾರದು?” ಅಂತ ಬೆಂಗಳೂರಿನ ಗೆಳೆಯರು ಕೇಳುತ್ತಾರೆ. ಒಯ್ದಿದ್ದಾರೆ, ಸ್ವಾಮಿ. 2009ರಲ್ಲಿ ಸೆಪ್ಟೆಂಬರ್ ಕೊನೆಗೆ ಸುರಿದ ಮಳೆಗೆ ಈ ಭಾಗದ ಊರುಗಳು ಮುಳುಗಿದಾಗ ‘ಆಸರೆ’ ಅಂತ ಯೋಜನೆ ಬಂತು. ದಾನಿಗಳು, ಕಂಪನಿಗಳು ಕೈಜೋಡಿಸಿ ಎತ್ತರದ ಜಾಗದಲ್ಲಿ ಮನೆ ಕಟ್ಟಿಸಿದರು. ಬಾದಾಮಿ, ಹುನಗುಂದದ ಕಡೆ ಹೋದರೆ ಈಗಲೂ ಕಾಣುತ್ತವೆ. ಸಾಲು ಸಾಲು ಒಂದೇ ಅಚ್ಚಿನ ಮನೆ. ಕೆಲವು ಕಡೆ ತುಂಬಿವೆ. ಎಷ್ಟೋ ಕಡೆ ಬಾಗಿಲಿಗೆ ಬೀಗ, ಸುತ್ತ ಜಾಲಿ.

ಹೋದವರು ಯಾಕೆ ತಿರುಗಿ ಬಂದರು? ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಎಮ್ಮೆ ಎಲ್ಲಿ ಕಟ್ಟೋದು? ಕಣಿಕಿ, ಮೇವು ಎಲ್ಲಿ ಒಟ್ಟೋದು? ಮಗ್ಗ ಇಡಲು ಜಾಗ ಇಲ್ಲ. ಹೊಲ ದೂರವಾಯಿತು. ನೀರು ಬರಲಿಲ್ಲ. ಹೊಳೆ ಮುಳುಗಿಸೋದು ಹತ್ತು ವರ್ಷಕ್ಕೊಮ್ಮೆ, ಎಮ್ಮೆಗೆ ಮೇವು ಬೇಕಾಗೋದು ದಿನಾ ಎರಡು ಹೊತ್ತು. ಆ ಮನೆಗಳ ನಕ್ಷೆ ಬರೆದವರ ಕಣ್ಣಲ್ಲಿ ಮನೆ ಅಂದರೆ ಜನ ಮಲಗುವ ಜಾಗ. ನಮ್ಮವರಿಗೆ ಮನೆ ಅಂದರೆ ದುಡಿಮೆಯ ಜಾಗವೂ ಹೌದು. ನಾಲ್ಕಡಿ ಗ್ವಾದಲಿ ಸೇರಿಸಿದ್ದರೆ ಎಷ್ಟು ಬೀಗ ತೆರೆದಿರುತ್ತಿದ್ದವೋ ಅಂತ ನನಗೆ ಅನಿಸುತ್ತದೆ.

ಎಮ್ಮೆಯ ಮಾತು ಬಂತು ಅಂತ ಇನ್ನೊಂದು. ನೀರಿಗೆ ಸಿಕ್ಕು ಸತ್ತ ಹೈನದ ಎಮ್ಮೆಗೆ ಆಗ 30,000 ರೂಪಾಯಿ ಪರಿಹಾರ ಇತ್ತು. ಸತ್ತದ್ದಕ್ಕೆ ಪಶು ವೈದ್ಯರ ದೃಢೀಕರಣ ಕೇಳುತ್ತಿದ್ದರು. ಹಗ್ಗ ಬಿಚ್ಚಿ ಬಿಟ್ಟವರ ಎಮ್ಮೆ ಹರಿದು ಎಲ್ಲಿಗೋ ಹೋಯಿತು. ಕಟ್ಟಿಯೇ ಇದ್ದವರ ಎಮ್ಮೆ ಗ್ವಾದಲಿಯಲ್ಲೇ ಸತ್ತಿತು, ಫೋಟೋ ಸಿಕ್ಕಿತು. ಬದುಕಲಿ ಅಂತ ಹಗ್ಗ ಬಿಚ್ಚಿದವರ ಕೈಯಲ್ಲಿ ಪುರಾವೆ ಇರಲಿಲ್ಲ. ದೊಡ್ಡವ್ವ ಹಗ್ಗ ಬಿಚ್ಚಿದ್ದಳು. ಪುಣ್ಯಕ್ಕೆ ಅವಳ ಎಮ್ಮೆ ಎರಡು ದಿನದ ಮೇಲೆ ಎತ್ತರದ ಮಡ್ಡಿಯ ಮೇಲೆ ಸಿಕ್ಕಿತು, ಯಾರದೋ ತೊಗರಿ ಮೇಯುತ್ತಾ. ಆ ತೊಗರಿಯವನ ಹತ್ತಿರ ಬೈಸಿಕೊಂಡದ್ದು ಬೇರೆ ಕತೆ.

ಆಮೇಲೆ 2020ರಲ್ಲೂ ಮಳೆ ಬಂತು, 2021ರ ಜುಲೈನಲ್ಲೂ ಬಂತು. ನಿಯಮ, ಮೊತ್ತ ಎಲ್ಲ ಆಗಾಗ ಬದಲಾಗುತ್ತಲೇ ಇದೆ. ಕೇಂದ್ರದ ನಿಯಮದಲ್ಲಿ 95,100 ಹೋಗಿ 1.20 ಲಕ್ಷ ಆಯಿತು. ಅರ್ಜಿಯ ನಮೂನೆ ಬದಲಾಯಿತು, ಗ್ರಾಮ ಲೆಕ್ಕಾಧಿಕಾರಿ ಅನ್ನುವ ಹುದ್ದೆಯ ಹೆಸರೂ ಗ್ರಾಮ ಆಡಳಿತಾಧಿಕಾರಿ ಆಯಿತು. ನಮ್ಮ ಮಂದಿ ಇನ್ನೂ ತಲಾಟಿ ಅಂತಲೇ ಅನ್ನುತ್ತಾರೆ.

ನಾನೂ ಒಂದು ಬದಲಾವಣೆ ಮಾಡಿಕೊಂಡೆ. ಈಗ ಅರ್ಜಿಯಲ್ಲಿ ‘ಸುಸ್ಥಿತಿ’ ಬರೆಯುವುದಿಲ್ಲ. ‘ಸದ್ಯಕ್ಕೆ ನಿಂತಿರುತ್ತದೆ, ಹಸಿಯಾಗಿದ್ದು ಬೀಳುವ ಸಂಭವ ಇರುತ್ತದೆ’ ಅಂತ ಬರೆಯುತ್ತೇನೆ. ಮತ್ತೊಂದು, ಮೃಗಶಿರ ಮಳೆ ಶುರುವಾಗುವ ಮೊದಲು ಒಂದು ಭಾನುವಾರ ಅಂಗಡಿ ಮುಚ್ಚಿ ಊರಿಗೆ ಹೋಗುತ್ತೇನೆ. ಒಂದೊಂದೇ ಮನೆಯ ಫೋಟೋ ತೆಗೆಯುತ್ತೇನೆ. ಮುಂದಿನಿಂದ ಒಂದು, ಹಿತ್ತಲಿಂದ ಒಂದು, ಒಳಗೆ ಎರಡು. ದಿನಾಂಕ ಬೀಳುವ ಹಾಗೆ. ಬಿದ್ದ ಮನೆಯ ಫೋಟೋ ಎಲ್ಲರ ಮೊಬೈಲಿನಲ್ಲೂ ಇದೆ. ಬೀಳುವ ಮೊದಲು ಮನೆ ಹೇಗಿತ್ತು ಅನ್ನುವ ಫೋಟೋ ಅವತ್ತು ಯಾರ ಹತ್ತಿರವೂ ಇರಲಿಲ್ಲ. ಒಂದು ಪ್ರಿಂಟ್ ಅವರಿಗೆ, ಒಂದು ನನ್ನ ಅಂಗಡಿಯ ಫೈಲಿಗೆ. ದುಡ್ಡು ತಗೊಳ್ಳುವುದಿಲ್ಲ. ಉಪಕಾರ ಅಂತೇನಲ್ಲ, ಆ ಅರ್ಧ ಸಾಲಿನ ಋಣ ಅಂದುಕೊಳ್ಳಿ.

ದೊಡ್ಡವ್ವನ ಮನೆ ಈಗ ಮೂರು ಕಡೆ ಹಳೆಯ ಗೋಡೆ, ಒಂದು ಕಡೆ ತಗಡು. ಕಳೆದ ಸಲ ಹೋದಾಗ ಅವಳು ಸೀರೆ ಬದಲಿಸಿ ಬಾಗಿಲಲ್ಲಿ ನಿಂತಿದ್ದಳು.

“ದೊಡ್ಡವ್ವಾ, ಸ್ವಲ್ಪ ಸರಿ, ಗ್ವಾಡಿ ಕಾಣ್ಬೇಕು.”

“ತಡಿ ತಡಿ” ಅಂದು ಒಳಗೆ ಹೋದಳು. ಹಗ್ಗ ಹಿಡಿದು ಎಮ್ಮೆಯನ್ನು ಎಳೆದುಕೊಂಡು ಬಂದು ಬಾಗಿಲ ಮುಂದೆ ನಿಲ್ಲಿಸಿದಳು. ಅರ್ಧ ಗೋಡೆ ಮರೆಯಾಯಿತು.

“ಎಮ್ಮಿ ಯಾಕ ಬೇ? ಇದು ಮನೀ ಫೋಟೋ.”

“ಮತ್ತ, ಅದೂ ಮನ್ಯಾಗ ಇರತೈತಲ್ಲೋ. ತಗಿ ಲಗೂನ, ಹಿಂಡು ಹೊತ್ತಾತು.”